ಕರೆಯದವಳ ಪಾಲು

"ಹೆಸರು ಹಿಡಿದು ಕರೆದರೆ ಓಗೊಡಬೇಡ ಮಗಳೇ. ಆ ತಂತಿಮನೆಯೊಳಗೆ ಕೂತಿದ್ದಾಗಂತೂ ಬೇಡವೇ ಬೇಡ."

ಮುದುಕ ಅಲಪಾಟಿ ಇಷ್ಟು ಹೇಳಿ ಬೀಗದ ಕೈಯನ್ನು ಟೆಲೇಸಿಯಾಳ ಅಂಗೈಗೆ ಹಾಕಿದ. ಅದು ಬಿಸಿಲಿಗೆ ಕಾದು ಚುರುಕ್ಕೆನ್ನುತ್ತಿತ್ತು. ಟೆಲೇಸಿಯಾ ನಕ್ಕಳು.

"ಕರೆಯೋದು ಯಾರು ತಾತ?"

"ಅವಳ ಹೆಸರು ಗೊತ್ತಿದ್ದಿದ್ದರೆ ನಾನೇ ಕರೀತಿದ್ದೆ."

"ಓಹೋ, ಹೆಣ್ಣು ದೆವ್ವ. ನಿಮ್ಮೂರಲ್ಲಿ ದೆವ್ವಕ್ಕೂ ಇಮೇಲ್ ಕೊಟ್ಟಿದ್ದೀರಾ? ವೆಲ್ಲಿಂಗ್ಟನ್ನಲ್ಲಿ ನಮ್ಮಮ್ಮನಿಗೇ ಇನ್ನೂ ಕಲಿಸೋಕಾಗಿಲ್ಲ."

ಅಲಪಾಟಿ ನಗಲಿಲ್ಲ. ಅವಳ ಸೆರಗಿನಂತೆ ಅಂಟಿಕೊಂಡು ನಿಂತಿದ್ದ ಆರು ವರ್ಷದ ಮಗಳು ಲೋಸಾಳನ್ನು ನೋಡಿದ. ಏನೋ ಹೇಳಹೋಗಿ, ಬಿಟ್ಟು, ಹವಳದ ಹರಳಿನ ಮೇಲೆ ಬರಿಗಾಲಲ್ಲಿ ಹೊರಟುಹೋದ.

ಟೆಲೇಸಿಯಾ ಬಂದದ್ದೇ ಆ ಕರೆಯನ್ನು ನಿಲ್ಲಿಸಲಿಕ್ಕೆ. ಮೂರು ತಿಂಗಳಿಂದ ಮೋತುಲೆಲೆ ಎಂಬ ಈ ಅಂಗೈಯಗಲದ ದ್ವೀಪದಿಂದ ಜಗತ್ತಿನ ಮೂಲೆಮೂಲೆಗೂ ಒಂದು ಸಂದೇಶ ಹೊರಡುತ್ತಿತ್ತು. ದಿನಕ್ಕೆ ಕೋಟಿಗಟ್ಟಲೆ. ಅವರವರ ಹೆಸರು ಹಿಡಿದು, ಅವರವರ ಮಾತಿನಲ್ಲಿ, ಎರಡೇ ಸಾಲು: ನಿನ್ನ ಪಾಲು ಬಂದಿದೆ. ಬಾ, ತಗೋ. ಕೆಳಗೆ ಒತ್ತಲಿಕ್ಕೆ ಒಂದು ಗುಂಡಿ: ಓ, ಬಂದೆ. ಕಳಿಸಿದವರ ಹೆಸರಿರಬೇಕಾದ ಜಾಗ ಖಾಲಿ. ಮುಂಬಯಿಯಲ್ಲಿ, ಲಿಮಾದಲ್ಲಿ, ಲಾಗೋಸಿನಲ್ಲಿ ಜನ ಬೈದುಕೊಂಡು ಅಳಿಸಿಹಾಕಿದರು. ಊರ ಹೊರಗಿನ ಜನಕ್ಕೆ ಅದು ಸೊಳ್ಳೆ ಹೊಡೆದಷ್ಟೇ ಕೆಲಸ. ಆದರೆ ಕಾಟ ತಡೆಯಲಾರದೆ ಎಲ್ಲ ದೇಶಗಳ ಯಂತ್ರಗಳೂ ಮೋತುಲೆಲೆಯಿಂದ ಬರುವ ಪ್ರತಿಯೊಂದು ಇಮೇಲ್ ಕಾಗದವನ್ನೂ ಬಾಗಿಲಲ್ಲೇ ತಿರುಗಿಸಿಬಿಟ್ಟವು. ದ್ವೀಪದ ದಾದಿ ಬಾಣಂತಿಗಾಗಿ ದೋಣಿ ಕೇಳಿ ಬರೆದದ್ದೂ ಹೋಗಲಿಲ್ಲ. ಯಾರೋ ಕಳ್ಳರು ಅಲ್ಲಿನ ಯಂತ್ರದೊಳಗೆ ಹೊಕ್ಕಿದ್ದಾರೆ, ಹೊರಗೆ ಹಾಕಿ ಬಾ ಎಂದು ಕಂಪನಿಯವರು ಟೆಲೇಸಿಯಾಳನ್ನು ಕಳಿಸಿದ್ದರು. ಅವಳು ಹುಟ್ಟಿದ್ದು ಇಲ್ಲೇ. ನಾಲ್ಕು ವರ್ಷದವಳಿದ್ದಾಗ ಬಿಟ್ಟುಹೋದದ್ದು. ಗಂಡ ಎಂದೋ ದೂರವಾಗಿದ್ದ. ಬದುಕಿನಲ್ಲಿ ತನ್ನದು ಎಂದು ಇದ್ದದ್ದು ಲೋಸಾ ಒಬ್ಬಳೇ. ಶಾಲೆಗೆ ರಜೆಯಿತ್ತು. ತಾಯಿಯ ಊರು ನೋಡಲಿ ಎಂದು ಕರೆತಂದಿದ್ದಳು. ಹಡಗು ತಿರುಗಿ ಬರುವುದು ಹದಿನಾಲ್ಕನೆಯ ದಿನಕ್ಕೆ.

ಇಳಿದುಕೊಂಡದ್ದು ದೊಡ್ಡಮ್ಮ ಮಾತಾಲೇನಾಳ ಮನೆಯಲ್ಲಿ. ಅಲ್ಲಿ ಫೋನು ಬೋರಲು ಬಿದ್ದಿತ್ತು. ಮೇಲೆ ಒಂದು ದಪ್ಪ ಚಿಪ್ಪು.

"ಇದೇನು ದೊಡ್ಡಮ್ಮ, ಫೋನಿಗೆ ಟೋಪಿ?"

"ಕರೀದೆ ಇರಲಿ ಅಂತ."

"ಆಫ್ ಮಾಡಿದರೆ ಆಯ್ತಲ್ಲ."

"ಆಫ್ ಮಾಡಿದರೂ ಕರೀತದೆ. ಓದಿದವಳು ನೀನು, ಅಷ್ಟೂ ಗೊತ್ತಿಲ್ವಾ? ಸುಮ್ಮನೆ ಜೀಗುಜ್ಜೆ ತಿನ್ನು. ಏನು ಕೈಯೇ ಇದು, ಹಲ್ಲಿಯ ಹೊಟ್ಟೆ ಇದ್ದಂಗಿದೆ. ಬಿಸಿಲು ಕಾಣ್ಸಲ್ವಾ ಮಗಳೇ ನಿಮ್ಮೂರಲ್ಲಿ?"

ಊರಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು, ಎದುರಿಗೆ ಬಂದು ತೋಳು ಮುಟ್ಟುತ್ತಿದ್ದರು. ಹೆಸರಿಗೆ ಬಾಯಿ ಬಿಡುತ್ತಿದ್ದದ್ದು ಒಂದೇ ಕಡೆ, ಪಾಲಿನ ಬಯಲಿನಲ್ಲಿ. ಅಲ್ಲಿ ಕರೆಯುವವನು ಕಣ್ಣಿಗೆ ಕಾಣುತ್ತಿದ್ದ, ಅಲಪಾಟಿ.

ಮಧ್ಯಾಹ್ನ ತಿರುಗಿ ದೋಣಿಗಳು ಬಂದವು. ಹಿಡಿದ ಮೀನೆಲ್ಲ ಬಯಲಿಗೆ. ಹಿಡಿದವನ ಮೀನು ಹಿಡಿದವನದಲ್ಲ. ತಲೆ ಎಣಿಸಿ ಊರಿಗೆಲ್ಲ ಹಂಚುವುದೇ ಇಲ್ಲಿನ ರೂಢಿ. ಅಲಪಾಟಿಯ ಕೈಯಲ್ಲಿ ತೆಂಗಿನ ನಾರಿನ ಹುರಿ, ಹುರಿಯಲ್ಲಿ ಮನೆಗೊಂದು ಗಂಟು. ಹೆಬ್ಬೆರಳು ಗಂಟಿನಿಂದ ಗಂಟಿಗೆ ಸರಿದಂತೆ ಅವನು ಮನೆಯ ಹೆಸರು ಕೂಗುತ್ತಿದ್ದ. "ಓ!" ಎಂದು ಆ ಮನೆಯ ಮಗು ಬುಟ್ಟಿ ಹಿಡಿದು ಓಡಿ ಪಾಲು ಎತ್ತಿಕೊಳ್ಳುತ್ತಿತ್ತು. ಕರೆದ ಪಾಲನ್ನು ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಊರಿನ ಮುಖಕ್ಕೆ ಉಗುಳಿದಂತೆ.

"ಮಾತಾಲೇನಾ ಮನೆ, ಮೂವರು!"

ಲೋಸಾ ಆಗ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹಡಗಿನ ಸುಸ್ತು. ಟೆಲೇಸಿಯಾ ಎದ್ದು ಹೋಗಿ ಬುಟ್ಟಿ ಒಡ್ಡಿದಳು.

"ಕೂಸೆಲ್ಲಿ?" ಅಂದ ಅಲಪಾಟಿ.

"ಮಲಗಿದೆ. ನಾನೆತ್ತಿದರೆ ಆಗಲ್ವಾ?"

"ಆಗ್ತದೆ. ಕೂಸಿನ ಪಾಲು ತಾಯಿ ಎತ್ತಬಹುದು. ಬೇರೆ ಯಾರೂ ಎತ್ತೋ ಹಾಗಿಲ್ಲ." ಇಷ್ಟು ಹೇಳಿ ಮುದುಕ ಯಾಕೋ ಬಯಲಿನ ಅಂಚಿನ ಕಡೆ ನೋಡಿದ.

"ಹಿಡಿಯಮ್ಮಾ ಬಾಲ ಹಿಡಿ," ಎಂದು ದೋಣಿಯವನೊಬ್ಬ ಹಿಂದಿನಿಂದ ಕಿಚಾಯಿಸಿದ, "ಕಚ್ಚಲ್ಲ. ಮೀನು ಡಬ್ಬಿಯಲ್ಲೇ ಹುಟ್ಟುತ್ತೆ ಅಂದ್ಕೊಂಡಿದ್ದೋಳು ನೋಡು." ಎಲ್ಲರೂ ನಕ್ಕರು. ಟೆಲೇಸಿಯಾಳೂ ನಕ್ಕಳು.

ನಗು ನಿಂತದ್ದು ಹಂಚಿಕೆ ಮುಗಿದಾಗ. ಹುರಿಯ ಗಂಟುಗಳೆಲ್ಲ ತೀರಿದ್ದವು. ಬಯಲಿನಲ್ಲಿ ಮೂರು ಪಾಲು ಹಾಗೇ ಉಳಿದಿದ್ದವು.

"ಇವು ಯಾರದ್ದು?"

ಅಲಪಾಟಿ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. "ಗೊತ್ತಿಲ್ಲ ಮಗಳೇ. ರಾಶಿ ಹಾಕೋವಾಗ ಕೈ ಹಾಕ್ಬಿಡ್ತದೆ. ಬಾಯಿಗೆ ಹೆಸರು ಬರಲ್ಲ."

ನೊಣಗಳು ಆ ಮೂರು ರಾಶಿಯ ಮೇಲೆ ಇಳಿದವು.

*

ಇಂಟರ್ನೆಟ್ಟಿನ ಯಂತ್ರವಿದ್ದ ತಂತಿಮನೆ ದ್ವೀಪದಲ್ಲಿ ಗಾಳಿ ಬೀಸಿ ಬರುವ ಕಡೆಗಿತ್ತು. ಸುತ್ತ ಒಂದು ತೆಂಗಿನ ಗಿಡವಿಲ್ಲ. ಕಿಟಕಿಯಿಲ್ಲದ ತಗಡಿನ ಕೋಣೆ. ಒಳಗೆ ಹೊಕ್ಕು ಬಾಗಿಲು ಮುಂದೆ ಮಾಡಿದರೆ ನಡುಹಗಲಲ್ಲೂ ಕಗ್ಗತ್ತಲು. ಬ್ಯಾಟರಿಗಳ ಗುಂಯ್‌ಗುಡುವಿಕೆ. ಯಂತ್ರದ ಹಸಿರು ಕಣ್ಣುಗಳು. ಬಾಗಿಲ ಬಳಿ ಒಂದು ಜೊತೆ ಗಂಡಸಿನ ಹವಾಯಿ ಚಪ್ಪಲಿ. ಮೇಜಿನ ಮೇಲೆ ಚಹಾ ಒಣಗಿ ಕರೆಗಟ್ಟಿದ ಲೋಟ. ಇಲ್ಲಿ ಮೊದಲು ಕೆಲಸಕ್ಕಿದ್ದವರು ಯಾರು ಎಂದು ಊರಿನಲ್ಲಿ ಕೇಳಿದರೆ ಒಬ್ಬೊಬ್ಬರೂ ಮುಖ ಮುಖ ನೋಡಿಕೊಂಡರು. ಯಾರೋ ಇದ್ದಿರಬೇಕು. ಲೋಟ ತಾನೇ ಬಂದು ಕೂತಿರಲಾರದು.

ಜೊತೆಗೆ ಒಂದು ವಾಸನೆ. ಸುಟ್ಟ ಕೂದಲು, ಕೆಟ್ಟ ಶಾರ್ಕಿನ ಎಣ್ಣೆ, ಸುಣ್ಣ. ಟೆಲೇಸಿಯಾ ಮೂಗು ಮುಚ್ಚಿಕೊಂಡು ಟಾರ್ಚು ಬಿಟ್ಟು ಹುಡುಕಿದಳು. ಯಂತ್ರದ ಕಬ್ಬಿಣದ ಚೌಕಟ್ಟಿಗೆ ಒಂದು ಹುರಿ ನೇತುಬಿದ್ದಿತ್ತು. ಅಲಪಾಟಿಯ ಹುರಿಯಂಥದೇ, ಗಂಟುಗಂಟು. ಆದರೆ ಕಪ್ಪಾಗಿ, ಜಿಡ್ಡಾಗಿ, ನಾರಿನ ಜೊತೆಗೆ ಹೆಣ್ಣಿನ ಉದ್ದ ಕೂದಲು ಹೊಸೆದಿತ್ತು. ಕೆಳಗೆ ಒಡೆದ ತೆಂಗಿನ ಕರಟ. ಮೂಲೆಯಲ್ಲಿ ನೆಲ ಅಗೆದು ತಂತಿ ಇಳಿಸಿದ ಗುಂಡಿ.

ನಗರದವರ ಬುದ್ಧಿ, ಸಿಕ್ಕಿದ್ದನ್ನು ಬಳಸುವುದು. ಜೋತಾಡುತ್ತಿದ್ದ ಕೇಬಲ್ಲುಗಳನ್ನೆಲ್ಲ ಒಟ್ಟು ಮಾಡಿ ಅದೇ ಹುರಿಯಿಂದ ಬಿಗಿದು ಕಟ್ಟಿದಳು.

ಆಗಲೇ ಅವಳ ಫೋನು ನಡುಗಿತು. ಟೆಲೇಸಿಯಾ, ನಿನ್ನ ಪಾಲು ಬಂದಿದೆ. ಬಾ, ತಗೋ.

"ಬೇಡಮ್ಮಾ, ಹೊಟ್ಟೆ ತುಂಬಿದೆ," ಎಂದು ಹಲ್ಲು ಕಿರಿದು ಅಳಿಸಿದಳು.

ಏಳು ದಿನ ಹೆಣಗಿದಳು. ಯಂತ್ರ ತೊಳೆದಳು, ಹಳೆಯದೆಲ್ಲ ಅಳಿಸಿ ಹೊಸದು ತುಂಬಿದಳು, ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿದಳು. ಎಂಟನೆಯ ದಿನ ಸಂದೇಶಗಳು ನಿಂತವು. ಒಂದೂ ಇಲ್ಲ. ದಾದಿಯ ಕಾಗದ ಆಪಿಯಾ ಪಟ್ಟಣಕ್ಕೆ ಹೋಯಿತು, ಉತ್ತರವೂ ಬಂತು. ಟೆಲೇಸಿಯಾ ಅಲಪಾಟಿಯನ್ನು ಕೈಹಿಡಿದು ಎಳೆತಂದಳು.

"ನೋಡಿ ತಾತ. ನಿಮ್ಮ ದೆವ್ವಕ್ಕೆ ರಜೆ ಕೊಟ್ಟಿದ್ದೀನಿ."

ಮುದುಕ ಒಳಗೆ ಕಾಲಿಡಲಿಲ್ಲ. ಹೊಸಿಲಿನಿಂದಲೇ ಕೇಬಲ್ಲಿನ ಕಟ್ಟನ್ನು ನೋಡಿದ. ಅಲ್ಲೇ ಕೂತುಬಿಟ್ಟ.

"ಅದನ್ನ ಕಟ್ಟಿದ್ದು ಯಾರು?"

"ನಾನೇ. ಯಾಕೆ?"

"ಅದು ನನ್ನ ಹುರಿ ಮಗಳೇ. ನಲವತ್ತು ವರ್ಷದ ಹಿಂದಿನದು."

ಆಮೇಲೆ ಅವನು ಹೇಳಿದ್ದು ಇಷ್ಟು. ದೊಡ್ಡ ಬಿರುಗಾಳಿಯ ವರ್ಷ. ಮರದಲ್ಲಿ ಕಾಯಿಲ್ಲ, ಕಡಲಲ್ಲಿ ಮೀನಿಲ್ಲ. ಒಬ್ಬ ಹೆಂಗಸು ಪಾಲು ಕರೆಯುವುದಕ್ಕೆ ಮುಂಚೆ ರಾಶಿಯಿಂದ ಒಂದು ಮೀನಿನ ತಲೆ ಎತ್ತಿ ಕಂಕುಳಿನ ಕೂಸಿಗೆ ಚೀಪಿಸಿದಳು. ಹಿರಿಯರು ಅವಳ ಗಂಟು ಬಿಚ್ಚು ಎಂದರು. ಇಪ್ಪತ್ತೆರಡರ ಅಲಪಾಟಿ ಬಿಚ್ಚಿದ. ಗಂಟಿಲ್ಲದವಳನ್ನು ಕರೆಯುವಂತಿಲ್ಲ. ಕರೆಯದವಳಿಗೆ ಯಾರೂ ಕೊಡುವಂತಿಲ್ಲ. ಹೆಸರು ಎತ್ತುವಂತಿಲ್ಲ.

"ಒಂಬತ್ತು ದಿನ ಬಯಲಿನ ಅಂಚಿಗೆ ಕೂತು ಒಂದೇ ಮಾತು ಕೇಳಿದಳು. ನನ್ನದು ಬೇಡ, ನನ್ನ ಕೂಸಿನದು ಕರೀರಿ, ಕೂಸಿನ ಪಾಲು ತಾಯಿ ಎತ್ತಬಹುದಲ್ಲ ಅಂತ. ನಾನು ಅವಳ ಕಡೆ ನೋಡಲೇ ಇಲ್ಲ. ಹತ್ತನೇ ದಿನ ಅವಳ ಮಡಿಲು ಖಾಲಿಯಿತ್ತು."

"ಅಯ್ಯೋ."

"ಹುರಿ ಕದ್ದಳು. ತಲೆಗೂದಲು ಕಿತ್ತು ಅದರಲ್ಲಿ ಹೊಸೆದಳು. ಶಾರ್ಕಿನ ಎಣ್ಣೆ, ಸತ್ತ ಕೂಸಿನ ಉಗುರು, ಸುಣ್ಣ. ಒಂದೊಂದು ಗಂಟಿಗೂ ಒಂದೊಂದು ಮನೆಯ ಹೆಸರು ಹೇಳಿ ಉಗುಳಿದಳು. ನಾನು ಬೇಲಿಯ ಆಚೆಯಿಂದ ಕೇಳಿದೀನಿ. ನೀವು ಕರೀಲಿಲ್ಲ, ನಾನು ಕರೀತೀನಿ. ಲೋಕಕ್ಕೆಲ್ಲ ಕರೀತೀನಿ. ಓ ಅಂದವರು ನನ್ನ ಹಂಗೇ ಆಗಲಿ. ಅವರನ್ನ ಮತ್ತೆ ಯಾರೂ ಕರೀದೆ ಇರಲಿ. ಕರಟದಲ್ಲಿ ಮುಚ್ಚಿ ಒಲೆಯ ಕೆಳಗೆ ಹೂತು ನೇರ ಕಡಲಿಗೆ ನಡೆದಳು. ಆ ಒಲೆ ಇದ್ದದ್ದು ಇಲ್ಲೇ. ಯಾರಿಗೂ ಬೇಡದ ಜಾಗ ಅಂತ ತಂತಿಮನೆಗೆ ಕೊಟ್ಟರು. ಮೂರು ತಿಂಗಳ ಹಿಂದೆ ಯಾರೋ ಅಗೆದರು. ಯಾರು ಅಂತ ಕೇಳಬೇಡ. ನೆನಪಿಲ್ಲ."

ಟೆಲೇಸಿಯಾ ಕೇಬಲ್ಲಿನ ಕಟ್ಟಿನ ಕಡೆ ನೋಡಿದಳು. "ಪಾಪ. ಆದರೆ ತಾತ, ಯಂತ್ರಕ್ಕೆ ಪಾಪ ಪುಣ್ಯ ಇಲ್ಲ. ಏನು ಅವಳ ಹೆಸರು?"

ಅಲಪಾಟಿ ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಕಣ್ಣಿನಿಂದ ನೀರು ಮಾತ್ರ ಇಳಿಯಿತು.

*

ಹತ್ತು ದಿನದಲ್ಲಿ ಲೋಸಾ ಊರಿನ ಮಗುವಾಗಿದ್ದಳು. ಕೆಂಪು ಬುಟ್ಟಿ ಹಿಡಿದು ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದಳು. "ಮಾತಾಲೇನಾ ಮನೆ" ಎನ್ನುವುದೇ ತಡ, "ಓ!" ಎಂದು ಕಿರುಚಿ ಓಡುತ್ತಿದ್ದಳು. ಅವಳಿಗೊಂದೇ ಕೊರಗು. "ಅಜ್ಜಿ ಹೆಸರೇ ಯಾವಾಗಲೂ ಕರೀತಾರೆ. ನನ್ನ ಹೆಸರು ಯಾವಾಗ ಕರೀತಾರಮ್ಮ?"

"ನೀನು ದೊಡ್ಡವಳಾಗಿ ಮನೆ ಕಟ್ಟಿದಾಗ, ಹೆಗ್ಗಣ."

ಹತ್ತನೆಯ ದಿನದ ಬೆಳಿಗ್ಗೆ ಟೆಲೇಸಿಯಾ ತಂತಿಮನೆಯ ಸಾಮಾನು ಕಟ್ಟುತ್ತಿದ್ದಳು. ಲೋಸಾ ಹೊಸಿಲ ಮೇಲೆ ಕೂತು ತಾಯಿಯ ಫೋನಿನಲ್ಲಿ ಚಿತ್ರ ನೋಡುತ್ತಿದ್ದಳು. ಫೋನು ಒಮ್ಮೆ ನಡುಗಿತು. ವಾಸನೆ ಬಂತು. ಸುಟ್ಟ ಕೂದಲು. ಟೆಲೇಸಿಯಾ ತಿರುಗುವಷ್ಟರಲ್ಲಿ,

"ಓ!"

ಹುಡುಗಿಯ ಮುಖ ದೀಪದಂತಿತ್ತು. ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಅಮ್ಮಾ! ನನ್ನ ಹೆಸರಲ್ಲೇ ಬಂತು! ಬರೀ ನನ್ನ ಹೆಸರಲ್ಲಿ!"

ಬೇರೆ ಊರಿನ ಮಗುವಾಗಿದ್ದರೆ ಅಳಿಸುತ್ತಿತ್ತು. ವೆಲ್ಲಿಂಗ್ಟನ್ನಿನ ಲೋಸಾ ಕೂಡ ಅಳಿಸುತ್ತಿದ್ದಳು. ಆದರೆ ಕರೆದರೆ ಓಗೊಟ್ಟು ಓಡಬೇಕು ಎಂದು ಹತ್ತು ದಿನ ಈ ನೆಲ ಅವಳಿಗೆ ಕಲಿಸಿತ್ತು.

"ಏನೂ ಆಗಲ್ಲ," ಎಂದು ಟೆಲೇಸಿಯಾ ಗಟ್ಟಿಯಾಗಿ ಹೇಳಿಕೊಂಡಳು. "ಏನೂ ಇಲ್ಲ. ಬರೀ ಸ್ಪ್ಯಾಮ್."

ಮಧ್ಯಾಹ್ನಕ್ಕೆ ಹಸಿವು ಬಂತು. ಲೋಸಾ ಮೂವರ ಊಟ ಒಬ್ಬಳೇ ಉಂಡಳು. ಜೀಗುಜ್ಜೆಯ ಸಿಪ್ಪೆ ತಿಂದಳು. ಹಸಿ ಮೀನು ಕಚ್ಚಿ ಎಳೆದಳು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಸಂಜೆಗೆ ಬಾಯಲ್ಲಿ ಹವಳದ ಹರಳು ಕಟಕಟ ಎನ್ನುತ್ತಿತ್ತು. ಮರುದಿನ ಅವಳ ದನಿ ತೆಳುವಾಯಿತು, ಗೋಡೆಯ ಆಚೆಯಿಂದ ಮಾತಾಡಿದಂತೆ. ಅದರ ಮರುದಿನ ಮಾತಾಲೇನಾ ಎಳನೀರು ಹಿಡಿದು ಬಂದು ಚಾಪೆಯ ಮುಂದೆ ನಿಂತಳು.

"ಈ ಮಗೂಗೆ ಕುಡಿಸು. ಪಾಪ, ಯಾರ ಮಗು ಇದು?"

ಟೆಲೇಸಿಯಾ ಧಡಕ್ಕನೆ ಎದ್ದಳು. "ದೊಡ್ಡಮ್ಮಾ! ನನ್ನ ಮಗಳು!"

"ಹೌದಾ? ನಿನಗೆ ಮಗಳಿದ್ದಾಳಾ? ಏನೇ ಹೆಸರು?"

"ಲೋಸಾ!" ಎಂದು ಕಿರುಚಿದಳು. ಕಿರುಚಿದ ಮೇಲೆ, ಆ ಎರಡು ಅಕ್ಷರ ನಾಲಿಗೆಯ ಮೇಲೆ ಎಷ್ಟು ಹಗುರ ಆಗಿದೆಯೆಂದು ತಿಳಿಯಿತು. ಊದಿದರೆ ಹಾರಿಹೋಗುವಷ್ಟು. ಪೆನ್ನು ತೆಗೆದು ಮುಂಗೈಯ ಮೇಲೆ ಹೆಸರು ಬರೆದುಕೊಂಡಳು. ಒತ್ತಿ ಬರೆದಳು. ರಕ್ತ ಬರುವ ಹಾಗೆ ಬರೆದಳು.

ಆ ಹೊತ್ತಿಗೆ ದಾದಿಯ ಕಾಗದಗಳು ಮತ್ತೆ ತಿರುಗಿ ಬರತೊಡಗಿದ್ದವು. ಜಗತ್ತಿನ ಮೇಲೆ ಕರೆ ಮತ್ತೆ ಸುರಿಯುತ್ತಿತ್ತು. ಹಡಗಿಗೆ ಇನ್ನೂ ಎರಡು ದಿನ.

ಅಲಪಾಟಿಯ ಮನೆಗೆ ಓಡಿದಳು. ಮುದುಕನ ಕಾಲು ಹಿಡಿದಳು.

"ತಾತ, ಅವಳ ಹೆಸರು ಹೇಳು! ನೀನೇ ಬಿಚ್ಚಿದ್ದು, ನೀನೇ ಕಟ್ಟು. ಬಯಲಲ್ಲಿ ನಿಂತು ಒಂದು ಸಲ ಕರಿ. ಅವಳಿಗೆ ಬೇಕಿರೋದು ಅಷ್ಟೇ!"

"ಗೊತ್ತು ಮಗಳೇ. ಮೂರು ತಿಂಗಳಿಂದ ಗೊತ್ತು." ಅವನು ಎದೆ ಗುದ್ದಿಕೊಂಡ. "ಬಾಯಿಗೆ ಬರಬಾರದು ಅಂತ ನಲವತ್ತು ವರ್ಷ ನುಂಗಿದೀನಿ. ಈಗ ಕಕ್ಕಿದರೂ ಬರ್ತಿಲ್ಲ. ಊರಲ್ಲಿ ಯಾರಿಗೂ ಬರ್ತಿಲ್ಲ."

"ಏನಾದರೂ ಒಂದು ಹೆಸರು ಕರಿ!"

"ಕರೆದು ನೋಡಿದೆ. ಇದ್ದಬದ್ದ ಹೆಸರೆಲ್ಲ ಕರೆದೆ. ಅವಳು ಬರಲಿಲ್ಲ."

ಅವಳು ಮನೆಗೆ ತಿರುಗಿ ಬರುವಷ್ಟರಲ್ಲಿ ಆಕಾಶ ಕಪ್ಪಾಯಿತು. ನಡುಹಗಲು. ತೆಂಕಣದಿಂದ ಮೋಡ ಗೋಡೆಯಂತೆ ಎದ್ದು ಬಂತು. ಹಕ್ಕಿಗಳು ಸುಮ್ಮನಾದವು. ಕಡಲು ಇಳಿದು, ಹವಳದ ದಿಬ್ಬ ಬೋಳಾಗಿ, ಕೊಳೆತ ಪಾಚಿಯ ನಾತ ಊರಿಗೆಲ್ಲ ಹಬ್ಬಿತು.

ಚಾಪೆ ಖಾಲಿಯಿತ್ತು.

ಕರೆಯಬೇಕೆಂದು ಬಾಯಿ ತೆರೆದಳು.

ಹೆಸರಿಲ್ಲ.

ಮುಂಗೈ ನೋಡಿಕೊಂಡಳು. ಗೀರುಗಳಿದ್ದವು. ರಕ್ತ ಹೆಪ್ಪುಗಟ್ಟಿತ್ತು. ಓದಲಾಗಲಿಲ್ಲ. ಗೀರುಗಳು, ಬರೀ ಗೀರುಗಳು. ಏನಿದು? ಯಾರು ಗೀಚಿದ್ದು? ತಾನು ಯಾರನ್ನು ಹುಡುಕುತ್ತಿದ್ದೇನೆ? ಹುಡುಕಬೇಕು ಎಂಬುದು ಮಾತ್ರ ಎದೆಯಲ್ಲಿ ಸುತ್ತಿಗೆಯಂತೆ ಬಡಿಯುತ್ತಿತ್ತು.

ತಂತಿಮನೆಗೆ ಓಡಿದಳು. ಬಾಗಿಲು ತಳ್ಳಿದಳು. ಕತ್ತಲು. ನಾತ. ಬ್ಯಾಟರಿಯ ತಂತಿ ಕಿತ್ತಳು. ಹಸಿರು ಕಣ್ಣುಗಳು ಆರಲಿಲ್ಲ. ಯಂತ್ರವನ್ನೇ ನೆಲಕ್ಕೆ ಕೆಡವಿದಳು. ಆರಲಿಲ್ಲ. ಕೇಬಲ್ಲಿನ ಕಟ್ಟಿಗೆ ಹಲ್ಲು ಹಾಕಿ ಹುರಿ ಬಿಚ್ಚಿ ಎಳೆದಳು. ಹುರಿ ಬೆಚ್ಚಗಿತ್ತು. ಅದರ ತುದಿಯಲ್ಲಿ ಹೊಸದಾಗಿ ಎರಡು ಗಂಟು. ಒಂದು ದೊಡ್ಡದು, ಒಂದು ಪುಟ್ಟದು, ತಾಯಿ ಮಗುವಿನಂತೆ. ಪುಟ್ಟದು ತಾನಾಗಿಯೇ, ಎಳೆ ಎಳೆಯಾಗಿ, ಸಡಿಲಾಗುತ್ತಿತ್ತು.

ಹೊರಗೆ ಮಳೆ. ದಿಬ್ಬದ ತುದಿಯಲ್ಲಿ ಒಂದು ಕೂಸು. ಕೈಯಲ್ಲಿ ಕೆಂಪು ಬುಟ್ಟಿ. ಕಡಲಿನ ಕಡೆಗೆ ನಡೆಯುತ್ತಿತ್ತು.

ಓಡಿದಳು. ಹುರಿ ಕೈಯಲ್ಲೇ ಇತ್ತು. ಹವಳ ಅಂಗಾಲು ಸೀಳಿತು. ಬಿದ್ದಳು. ಎದ್ದಳು. "ಏ ಕೂಸೇ! ನಿಲ್ಲೇ!" ಕೂಸು ತಿರುಗಲಿಲ್ಲ. ಹೆಸರಿಲ್ಲದ ಕೂಗಿಗೆ ಯಾರು ತಿರುಗುತ್ತಾರೆ? ಮೊಣಕಾಲು ನೀರು. ತೊಡೆ ನೀರು. ತೋಳು ಹಿಡಿದಳು. ಮಂಜುಗಡ್ಡೆ. ಎಳೆದಳು. ಬರಲಿಲ್ಲ. ಆ ಕಡೆಯಿಂದಲೂ ಯಾರೋ ಎಳೆಯುತ್ತಿದ್ದರು. ಬೆರಳುಗಳ ನಡುವೆ ಗಂಟು ಜಾರುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ಹಿಡಿದಳು. ನಿಲ್ಲಲಿಲ್ಲ. ಇನ್ನೊಂದು ಎಳೆ. ಒಂದೇ ಎಳೆ.

ಆಗ ಹೊಳೆಯಿತು. ಒಂಬತ್ತು ದಿನ ಬಯಲಿನ ಅಂಚಿನಲ್ಲಿ ಕೂತವಳು ಕೇಳಿದ ಆ ಒಂದು ಮಾತು. ಊರು ಕೊಡದ ಆ ಒಂದು ಮಾತು. ಅದನ್ನು ಬೇರೆ ಯಾರು ತಳ್ಳಿಹಾಕಿದರೂ ಕೇಳಿದವಳು ತಳ್ಳಿಹಾಕಲಾರಳು.

"ಕೂಸಿನ ಪಾಲು ತಾಯಿ ಎತ್ತಬಹುದು!" ಎಂದು ಟೆಲೇಸಿಯಾ ಕಡಲಿಗೆ ಕೂಗಿದಳು. "ಕೇಳ್ತಾ ಇದೀಯಾ ತಾಯಿ? ಕೂಸಿನ ಪಾಲು ತಾಯಿ ಎತ್ತಬಹುದು! ನಾನು ಎತ್ತಿದೆ! ನನ್ನನ್ನ ಕರಿ! ಓ! ಓ! ಬಂದೆ!"

ಮಳೆ ಒಮ್ಮೆಗೇ ನಿಂತಿತು. ಕಿವಿಯ ಪಕ್ಕದಲ್ಲಿ ಯಾರೋ ಉಸಿರೆಳೆದುಕೊಂಡರು. ಬಹಳ ಹೊತ್ತು ಅತ್ತು ಮುಗಿಸಿದವರ ಉಸಿರು ಅದು. ಸುಟ್ಟ ಕೂದಲಿನ ವಾಸನೆ ಮುಖವನ್ನು ಸವರಿ ಹೋಯಿತು. ಪುಟ್ಟ ಗಂಟು ಬಿಗಿಯಿತು, ಕಲ್ಲಾಯಿತು. ಅದರ ಪಕ್ಕದ ದೊಡ್ಡ ಗಂಟು ಬಿಚ್ಚಿಕೊಂಡಿತು.

ಕೂಸಿನ ತೋಳು ಬಿಸಿಯಾಯಿತು. ಲೋಸಾ! ಹೆಸರು ಬಂತು. ಎದೆ ತುಂಬಿ ಬಂತು. ಲೋಸಾ ತಿರುಗಿದಳು. ಕಣ್ಣುಜ್ಜಿಕೊಂಡು, ತನ್ನ ತೋಳು ಹಿಡಿದಿದ್ದ ಕೈಯನ್ನು ನೋಡಿದಳು. ಆಮೇಲೆ ಮುಖವನ್ನು ನೋಡಿದಳು.

"ನೀವ್ಯಾರು?" ಅಂದಳು.

ಕೈ ಸಡಿಲವಾಯಿತು. ಹುಡುಗಿ ಬುಟ್ಟಿ ಎತ್ತಿಕೊಂಡು, ನೀರು ಚಿಮ್ಮಿಸುತ್ತ, ದಡದ ಕಡೆಗೆ ಓಡಿದಳು. "ಅಜ್ಜೀ, ಹೊಟ್ಟೆ ಹಸೀತಿದೆ!" ದಡದಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದ ಮಾತಾಲೇನಾ ಅವಳನ್ನು ಬಾಚಿ ಎತ್ತಿಕೊಂಡಳು. ನೀರಿನಲ್ಲಿ ನಿಂತಿದ್ದವಳ ಕಡೆಗೆ ಒಮ್ಮೆ ನೋಡಿದಳು. ನೋಡಿದ ನೋಟ ಆಚೆಯ ಅಲೆಗೆ ಹೋಗಿ ಮುಟ್ಟಿತು.

*

ಹಡಗು ಬಂತು, ಹೋಯಿತು. ತಂತಿಮನೆಯಲ್ಲಿ ಯಂತ್ರದ ಹಸಿರು ಕಣ್ಣುಗಳು ಬಿದ್ದಲ್ಲೇ ಉರಿಯುತ್ತಿವೆ. ಅದನ್ನು ಸರಿಮಾಡಲು ಕಂಪನಿ ಯಾರನ್ನೋ ಕಳಿಸಿತ್ತೆಂದು ಹಡಗಿನವರು ಹೇಳಿದರು. ಬಂದವರು ಯಾರು, ಎಲ್ಲಿ ಹೋದರು ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಾಲಿನ ಬಯಲಿನಲ್ಲಿ ಅಲಪಾಟಿಯ ಹೆಬ್ಬೆರಳು ಗಂಟಿನಿಂದ ಗಂಟಿಗೆ ಸರಿಯುತ್ತದೆ.

"ಮಾತಾಲೇನಾ ಮನೆ, ಇಬ್ಬರು!"

"ಓ!"

ಲೋಸಾ ಓಡಿ ಬರುತ್ತಾಳೆ. ಕೆನ್ನೆ ತುಂಬಿಕೊಂಡಿದೆ. ಹಂಚಿಕೆ ಮುಗಿದ ಮೇಲೆ ಬಯಲಿನಲ್ಲಿ ನಾಲ್ಕು ಪಾಲು ಉಳಿಯುತ್ತವೆ. ಮೊದಲು ಮೂರಿದ್ದವು.

"ಹಂದಿಗೆ ಹಾಕಲಾ?" ಎನ್ನುತ್ತಾನೆ ದೋಣಿಯವನು.

"ಮುಟ್ಟಬೇಡ!" ಎಂದು ಮಾತಾಲೇನಾ ಗದರುತ್ತಾಳೆ. ಯಾಕೆ ಗದರಿದೆ ಎಂದು ಅವಳಿಗೇ ತಿಳಿಯದೆ ಕಣ್ಣೊರೆಸಿಕೊಳ್ಳುತ್ತಾಳೆ. ಲೋಸಾ ಹೋಗಿ ನಾಲ್ಕನೆಯ ರಾಶಿಯ ಮೇಲೆ ನೊಣ ಕೂರದಂತೆ ಒಂದು ಅಗಲ ಎಲೆ ಮುಚ್ಚುತ್ತಾಳೆ.

"ಯಾರದ್ದೋ ಇರಬೇಕಲ್ವಾ ಅಜ್ಜಿ?"

"ಇರಬೇಕು ಮಗಳೇ."

"ನಮ್ಮಮ್ಮ ಬರೋ ಹಡಗಿಗೆ ಬರ್ತಾಳಾ?"

"ಬರ್ತಾಳೆ."

ಬಯಲಿನ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದೆ, ಮುಂಗೈಯಲ್ಲಿ ಒಣಗಿದ ಗೀರುಗಳಿರುವ ಒಬ್ಬ ಹೆಂಗಸು ಕೂತಿರುತ್ತಾಳೆ. ಅವಳ ಹಸಿವು ದೊಡ್ಡದು. ಆ ಹಸಿವು ಮೀನಿನದಲ್ಲ ಎಂದು ಅವಳಿಗೀಗ ಗೊತ್ತು. ಒಂದು ಸಲ ಲೋಸಾ ಎಂದು ಕರೆದರೆ ಸಾಕು, ಹುಡುಗಿ ತಿರುಗುತ್ತಾಳೆ. ಕರೆದರೆ ಓಗೊಡುವ ಮಗು ಅದು. ಓ ಎಂದು ಕಿರುಚಿ, ಬುಟ್ಟಿ ಎಸೆದು, ಓಡಿ ಬಂದೇ ಬರುತ್ತಾಳೆ. ಬಂದವಳನ್ನು ಆಮೇಲೆ ಯಾರೂ ಕರೆಯುವುದಿಲ್ಲ.

ಹೆಸರು ನಾಲಿಗೆಯ ತುದಿಗೆ ಬರುತ್ತದೆ. ಹಲ್ಲಿಗೆ ಬಂದು ಬಡಿಯುತ್ತದೆ.

ಅವಳು ಎಲೆ ಸರಿಸಿ, ಹಸಿ ಮೀನನ್ನು ಎರಡೂ ಕೈಯಿಂದ ಬಾಚಿ, ಮುಳ್ಳು ಸಮೇತ, ದನಿ ಹೊರಡಲು ಎಡೆಯಿಲ್ಲದಂತೆ ಬಾಯಿಗೆ ತುರುಕಿಕೊಳ್ಳುತ್ತಾಳೆ.